ಗೋಡೆಯ ಫೋಟೋ ಮತ್ತು ನನ್ನ ಬಲ ಮೊಣಕಾಲು

"ನಡೆಯೋದೂ ಒಂದು ಪರೀಕ್ಷೆಯೇ?" ಎಂದು ನಗುವವರು ಒಮ್ಮೆ ನಮ್ಮ ಕೋಣೆಗೆ ಬರಬೇಕು. ಅಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಒಂದಿಲ್ಲೊಂದು ಫಜೀತಿ ಆಗೇ ಆಗುತ್ತದೆ. ನಾನು ಸಿರುಗುಪ್ಪ ಕಡೆಯ ಕರೂರಿನವನು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನಡಿಗೆ ಪರೀಕ್ಷೆ ಮಾಡುವ ಗಂಡು ನಾನೊಬ್ಬನೇ. ನೆಲದಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಪ್ಲೇಟು. ಅದರ ಮೇಲೆ ನಡೆದರೆ ಯಾವ ಮೊಣಕಾಲಿಗೆ ಎಷ್ಟು ಭಾರ ಎಂದು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಗಂಡಸರ ಮೊಣಕಾಲಿಗೂ ಹೆಂಗಸರ ಮೊಣಕಾಲಿಗೂ ಏನು ವ್ಯತ್ಯಾಸ, ಎಡಬಲ ಸಮ ಇದೆಯೋ ಇಲ್ಲವೋ, ಇದು ನಮ್ಮ ಡಾಕ್ಟರ್ ಮೇಡಂ ಹುಡುಕಾಟ. ಎರಡೂ ಸಮ ಇದ್ದವರ ಫೋಟೋ ಗೋಡೆಗೆ ಹಾಕುತ್ತೇನೆ ಎಂದು ಅವರು ಅಂದ ದಿನವೇ ನಾನು ಸಿರುಗುಪ್ಪ ಬಸ್ಸಿನಲ್ಲಿ ಸಾರಿಬಿಟ್ಟೆ: "ಆ ಫೋಟೋ ನಂದ!" ಇನ್ನು ಅದು ಮಾನದ ಪ್ರಶ್ನೆ.

೧. ಪೂಜೆಯ ಪ್ಲೇಟು

ಮಷಿನ್ ಬಂದ ಹೊಸತು. ಅಮಾವಾಸ್ಯೆ ದಿನ ನಮ್ಮೂರಲ್ಲಿ ಟ್ರ್ಯಾಕ್ಟರಿಗೆ ಮಾಡುವಂತೆ ಎರಡೂ ಪ್ಲೇಟಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದೆ. ನಾನು ಏನು ಮಾಡಿದರೂ ಬರೋಬ್ಬರಿ, ಒಂಚೂರೂ ಕಮ್ಮಿ ಇರುವುದಿಲ್ಲ. ಕುರುಗೋಡಿನಿಂದ ಬಂದ ಹಿರಿಯರೊಬ್ಬರು ಪ್ಲೇಟಿಗೆ ಕೈಮುಗಿದು ಪಕ್ಕದಿಂದ ದಾಟಿಹೋದರು. ಹಿಂದೆ ಬಂದವರೆಲ್ಲ ಹಾಗೇ.

"ಮ್ಯಾಲೆ ಕಾಲಿಡ್ರಿ ಯಜಮಾನ್ರ!" ಅಂದೆ.

"ಪೂಜಿ ಮಾಡಿದ್ದನ್ನ ತುಳೀಬೇಕಾ? ನಿನಗ ಬುದ್ಧಿ ಐತಿಲ್ಲೋ?"

ಸಂಜೆ ಮೇಡಂ ಕಂಪ್ಯೂಟರ್ ನೋಡಿ, "ಏನಪ್ಪಾ, ಇವತ್ತು ಬಂದವರಿಗೆ ಯಾರಿಗೂ ಮೊಣಕಾಲೇ ಇಲ್ಲವಲ್ಲ!" ಅಂದರು.

೨. ಬದುವಿನ ನಡಿಗೆ

ಬಾದನಹಟ್ಟಿಯಿಂದ ಭತ್ತದ ಸಸಿ ಹಚ್ಚುವ ಹೆಂಗಸರು ಬಂದರು. ಗದ್ದೆಯ ಬದುವಿನ ಮೇಲೆ ಪಳಗಿದ ಕಾಲುಗಳು. ಒಂದು ಹೆಜ್ಜೆಯ ಮುಂದೆ ಇನ್ನೊಂದು, ದಾರ ಹಿಡಿದಂತೆ. ಎರಡೂ ಕಾಲು ಎಡ ಪ್ಲೇಟಿನ ಮೇಲೇ. ಬಲದ್ದು ಖಾಲಿ.

"ಗಂಡಸ್ರಂಗ ಅಗಲಕ್ಕ ನಡೀರಿ ಅಕ್ಕಾರ!"

ಅವರಲ್ಲೊಬ್ಬಳು ಸೆರಗು ಸಿಕ್ಕಿಸಿಕೊಂಡು ಅಂದಳು: "ಗಂಡಸ್ರು ಬದುವಿನ ಮ್ಯಾಲೆ ಅಗಲಕ್ಕ ನಡದು ಕೆಸರಾಗ ಬೀಳತಾರ. ಎತ್ತಾಕ ನಾವ ಹೋಗಬೇಕು."

ಮೇಡಂ ಅದನ್ನೂ 'ವ್ಯತ್ಯಾಸಗಳು' ಎಂಬ ಪುಟದಲ್ಲಿ ಬರೆದುಕೊಂಡರು.

೩. ಫೋಟೋ

ಕಡೆಗೆ ನನ್ನ ಸರದಿ. ನನಗೆ ಬುತ್ತಿ ತಂದಿದ್ದ ಸೋದರತ್ತಿ ಬೆಂಚಿನ ಮೇಲೆ ಕೂತಿದ್ದಳು. ನಾನು ಎದೆ ಉಬ್ಬಿಸಿ, ಬಲ ಭುಜ ಎತ್ತಿ, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಡೆಯುವ ಹಾಗೆಯೇ ನಡೆದೆ. ಕಂಪ್ಯೂಟರಿನಲ್ಲಿ ಬಲದ ಗೆರೆ ಬಳ್ಳಾರಿ ಗುಡ್ಡದಷ್ಟು, ಎಡದ್ದು ಇರುವೆ ಗೂಡಿನಷ್ಟು.

"ಮಷಿನ್ ಕೆಟ್ಟೈತ್ರಿ ಮೇಡಂ!"

"ಹಂಗಾದ್ರ ನಿಮ್ಮ ಅತ್ತೆನ ನಡೆಸಿ ನೋಡೋಣ," ಅಂದರು ಮೇಡಂ.

ಅತ್ತಿ ಬುತ್ತಿ ಕೆಳಗಿಟ್ಟು ಸುಮ್ಮನೆ ನಡೆದಳು. ಎರಡು ಗೆರೆ, ಅವಳಿ ಮಕ್ಕಳ ಹಾಗೆ!

ಅತ್ತಿ ನನ್ನ ಗೆರೆಯನ್ನೊಮ್ಮೆ ನೋಡಿದಳು. "ಮಷಿನ್ ನೆಟ್ಟಗೈತಿ. ಲೇ, ನಿನ್ನ ಸೊಕ್ಕೆಲ್ಲ ಬಲಕ್ಕ ವಾಲೇತಿ."

ಆದರೂ ನಾನು ಆಡಿದ ಮಾತು ಸುಳ್ಳಾಗಲಿಲ್ಲ. ನನ್ನ ಫೋಟೋ ಗೋಡೆ ಮೇಲಿದೆ, ಅತ್ತಿಯ ಫೋಟೋ ಪಕ್ಕದಲ್ಲೇ. ಅವಳದರ ಕೆಳಗೆ 'ಹೀಗೆ ನಡೆಯಿರಿ' ಎಂದಿದೆ. ನನ್ನದನ್ನು ಮೊಬೈಲಿನಲ್ಲಿ ಇಡೀ ಕರೂರಿಗೆ ತೋರಿಸಿದ್ದೇನೆ, ಅದರ ಕೆಳಗೆ ಮೇಡಂ ಬರೆದ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು.