ಡೈರಿ ಸೆಕ್ರೆಟರಿಯ ಹಾಲಿಲ್ಲದ ಟೀ

ನಮ್ಮೂರಲ್ಲಿ ಒಂದು ಲೋಟ ಬಿಸಿನೀರು ನೆಮ್ಮದಿಯಾಗಿ ಕುಡಿಯೋಕೂ ಆಗಲ್ಲ. ಅದಕ್ಕೂ ಏನಾದ್ರೂ ಒಂದು ರಾದ್ಧಾಂತ ಆಗೇ ಆಗುತ್ತೆ. ವಕ್ಕಲೇರಿ ಹತ್ತಿರದ ನಮ್ಮ ಹಳ್ಳಿಯ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಹಾಲು ಹಾಕೋರೆಲ್ಲ ಕರೆದು ಕರೆದು ಟೀ ಕೊಡ್ತಾರೆ, ಬೇಡ ಅಂದ್ರೆ ಮುನಿಸ್ಕೋತಾರೆ. ಕುಡಿದೂ ಕುಡಿದೂ ಹೊಟ್ಟೆ ಉಬ್ಬರಿಸಿ ಕೋಲಾರದ ಡಾಕ್ಟರ ಹತ್ರ ಹೋದೆ.

"ಹಾಲು, ಹಾಲಿನ ಟೀ ಎರಡೂ ಬಿಡಿ. ತುಳಸಿ, ಶುಂಠಿ ಹಾಕಿ ಟೀ ಮಾಡ್ಕೊಳ್ಳಿ, ಅದೂ ಹಿತಮಿತವಾಗಿ. ನಾನು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ" ಅಂದ್ರು.

ಸೊಪ್ಪು ಹುಡುಕಿದ್ದು

ಅವತ್ತು ಸಂಜೆಯೇ ತುಳಸಿಕಟ್ಟೆಗೆ ಕೈ ಹಾಕಿದೆ. ಅಮ್ಮ ಅಡ್ಡ ಬಂದ್ಳು. "ಲೇ, ದೀಪ ಹಚ್ಚೋ ಹೊತ್ತಲ್ಲಿ ತುಳಸಿ ಕೀಳ್ತೀಯೇನೋ? ಬುದ್ಧಿ ಇದೆಯಾ?"

ಸರಿ ಅಂತ ಟೊಮೆಟೊ ತೋಟದ ಬದುವಿನಲ್ಲಿದ್ದ ಪುದೀನ ಕಿತ್ತು ತಂದೆ. ಹೆಂಡತಿ ಮೂಸಿ ನೋಡಿದ್ಳು. "ರೀ, ಬೆಳಿಗ್ಗೆ ಟೊಮೆಟೊಗೆ ಔಷಧಿ ಹೊಡೆದಿದ್ದು ಯಾರು?"

"ನಾನೇ ಕಣೇ."

"ಹುಳಕ್ಕೆ ಹೊಡೆದು ಮಿಕ್ಕಿದ್ದು ನಿಮಗಾ?"

ಅಮ್ಮನ ಕೈಗುಣ

ಮಾರನೇ ದಿನ ಹೆಂಡತಿ ತುಳಸಿ ಕಿತ್ತು ತೊಳೆದ್ಳು. ಕುದಿಯೋ ನೀರಿಗೆ ನಾಲ್ಕು ಎಲೆ, ಚೂರು ಶುಂಠಿ ಜಜ್ಜಿ ಹಾಕಿ, ಒಲೆ ಆರಿಸಿ, ಮುಚ್ಚಿಟ್ಟು ಹಾಲು ಕರೆಯೋಕೆ ಹೋದ್ಳು. ಅಷ್ಟೇ ಟೀ. ಅಮ್ಮ ಮುಚ್ಚಳ ತೆಗೆದ್ಳು. "ಇದೇನ್ಲಾ, ಕಳಶದ ನೀರಿದ್ದಂಗಿದೆ!" ಅಂತ ಹಿಡಿ ಮೆಣಸು ಕುಟ್ಟಿ ಹಾಕಿ, ಮತ್ತೆ ಒಲೆ ಹಚ್ಚಿ, ಚೊಂಬು ನೀರು ಲೋಟಕ್ಕೆ ಇಳಿಯೋವರೆಗೂ ಕುದಿಸಿದ್ಳು.

ಜಗಲಿ ಮೇಲೆ ಕೂತು ಒಂದೇ ಗುಟುಕು ಕುಡಿದೆ. ಅಯ್ಯಯ್ಯಪ್ಪಾ! ಕಣ್ಣು, ಮೂಗು ಎರಡರಲ್ಲೂ ಧಾರಾಕಾರ ನೀರು. ದಾರೀಲಿ ಹೋಗ್ತಿದ್ದ ಪಕ್ಕದ್ಮನೆಯವನು ನನ್ನ ಮುಖ ನೋಡಿ, ಕ್ಯಾನು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಮೆತ್ತಗೆ ಕೇಳ್ದ: "ಯಾರು ಹೋಗ್ಬಿಟ್ರಣ್ಣಾ?"

ಊರಿನ ಗುಮಾನಿ

ಆಮೇಲೆ ಹೆಂಡತಿ ಮಾಡಿದ್ದನ್ನೇ ಫ್ಲಾಸ್ಕಲ್ಲಿ ಡೈರಿಗೆ ತಗೊಂಡು ಹೋಗ್ತಿದ್ದೆ. ಹೊಟ್ಟೆ ಹಗುರಾಯ್ತು. ಆದ್ರೆ ಊರಿನ ಕಣ್ಣು ಸುಮ್ನಿರಬೇಕಲ್ಲ!

"ಸೆಕ್ರೆಟ್ರಿ ಹಾಲು ಬಿಟ್ಟವ್ನೆ. ದಿನಾ ಹಾಲು ಪರೀಕ್ಷೆ ಮಾಡೋನೇ ಹಾಲು ಮುಟ್ಟಲ್ಲ ಅಂದ್ರೆ ಒಳಗೇನೋ ಇದೆ!"

ಯಾರ ಹಾಲಲ್ಲಿ ಏನಿದೆ ಅಂತ ಒಬ್ಬರ ಮೇಲೊಬ್ಬರು ಜಗಳಕ್ಕೆ ನಿಂತ್ರು. ಅಧ್ಯಕ್ಷರು ಸಭೆ ಕರೆದ್ರು. "ಡಾಕ್ಟ್ರು ಹೇಳಿದ್ದು ಅಂದ್ರೆ ಯಾರಪ್ಪಾ ನಂಬ್ತಾರೆ? ಎಲ್ಲರ ಮುಂದೆ ಹಾಲು ಕುಡಿ. ಇಲ್ಲಾಂದ್ರೆ ಬೇರೆ ಸೆಕ್ರೆಟ್ರಿನ ನೋಡ್ಕೋತೀವಿ."

ನನಗೆ ಇರೋದೊಂದೇ ಕೆಲಸ. ಆಯ್ತು, ಒಂದು ಲೋಟ ತಾನೇ ಅಂತ ಒಪ್ಕೊಂಡೆ.

ಅಧ್ಯಕ್ಷರು ಅವರ ಮನೆಯಿಂದ ಕಾಯಿಸಿದ ಹಾಲು ತರಿಸಿದ್ರು, ಕುಡಿದೆ. ತಕ್ಷಣ ಹಿಂದಿನ ಸಾಲಿಂದ ಒಬ್ಬಾಕೆ ಎದ್ದು, "ಏಮಪ್ಪಾ, ಅವರ ಹಾಲೊಂದೇ ಚೆನ್ನಾಗಿರೋದಾ? ನಮ್ಮ ಹಸು ಏನು ಪಾಪ ಮಾಡಿದೆ?" ಅಂತ ಮನೆಗೆ ಓಡಿದ್ಳು. ಅವಳ ಹಿಂದೆ ಊರೇ ಓಡ್ತು. ಲೋಟ, ಚೊಂಬು, ಟಿಫನ್ ಡಬ್ಬಿ, ಸಿಕ್ಕಿದ್ದರಲ್ಲಿ ಹಾಲು ತಂದು ಸಾಲು ನಿಂತ್ರು. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ರೆ ಬಿಟ್ಟವರ ಹಾಲು ಕೆಟ್ಟದ್ದು ಅಂದಂಗೆ. ಎಲ್ಲರದೂ ಕುಡಿದೆ. ಕೆಲಸ ಉಳೀತು, ಹೊಟ್ಟೆ ತಮಟೆ ಆಯ್ತು.

ಮತ್ತೆ ಕೋಲಾರ. ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ ಕೆಂಡಾಮಂಡಲ ಆದ್ರು. "ಏನ್ರೀ ಇದು? ಹಾಲು ಬಿಡಿ ಅಂದಿದ್ನಲ್ಲ, ಬಿಡಲಿಲ್ವಾ?"

"ಬಿಟ್ಟಿದ್ದಕ್ಕೇ ಸಾರ್," ಅಂದೆ, "ಇಷ್ಟು ಕುಡಿಯೋ ಹಂಗಾಗಿದ್ದು!"