ಗುಟ್ಟಿನ ಆರೋಪ, ನಾಲ್ಕು ವಡೆ

ಕೆಲವರ ಹಣೆಯಲ್ಲಿ ಪ್ರಮೋಷನ್ ಬರೆದಿರುತ್ತದೆ, ನನ್ನ ಹಣೆಯಲ್ಲಿ ನಗೆಪಾಟಲು ಬರೆದಿದೆ. ಎಂಬತ್ತರ ದಶಕದ ಶುರುವಿನಲ್ಲಿ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಳತೆ ಉಪಕರಣಗಳನ್ನು ಕಾಯುವ ಕೆಲಸ ನನ್ನದು. ಅಲ್ಲಿ ನನಗೆ ಆದದ್ದೆಲ್ಲ ಇನ್ನೊಬ್ಬರಿಗೆ ಆಗಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ.

ಯಾರಿಗೂ ಹೇಳಬೇಡ

ನಮ್ಮ ಪರ್ಸೊನೆಲ್ ಮ್ಯಾನೇಜರ ಕೋಣೆ ಪ್ರೆಸ್ ಮಿಷಿನ್‌ಗಳ ನಟ್ಟನಡುವೆ ಇತ್ತು. ಸುತ್ತ ಗಾಜು, ಮೇಲೆ ಬಟಾಬಯಲು. ಆ ಧಡಧಡ ಸದ್ದಿನಲ್ಲಿ ಗುಟ್ಟು ಹೇಳಬೇಕಾದರೂ ಕಿರುಚಬೇಕು. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಒಂದು ಕಾಣೆಯಾಗಿತ್ತು. ಸಾಹೇಬರು ನನ್ನನ್ನು ಕರೆಸಿದರು.

"ಇದು ನಮ್ಮಿಬ್ಬರ ಮಧ್ಯೆ ಇರ್ಲಿ!" ಎಂದು ಗಂಟಲು ಹರಿಯುವಂತೆ ಕೂಗಿದರು.

"ಏನು ಸಾರ್?" ಎಂದು ನಾನೂ ಕೂಗಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಿಷಿನ್‌ಗಳೆಲ್ಲ ಗಪ್ಪೆಂದು ನಿಂತವು. ಸಾಹೇಬರ ಗಂಟಲು ಮಾತ್ರ ನಿಲ್ಲಲಿಲ್ಲ.

"ಮೈಕ್ರೋಮೀಟರ್ ಕದ್ದಿದ್ದು ನೀನೇ ಅಂತ ನಮಗೆ ಅನುಮಾನ! ಯಾರಿಗೂ ಹೇಳ್ಬೇಡ!"

ಗಾಜಿನಾಚೆ ಮಿಷಿನ್ ಶಾಪಿನ ಕೆಲಸಗಾರರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಮೆಲ್ಲಗೆ ಮಾತು ಕೊಟ್ಟೆ: "ಇಲ್ಲ ಸಾರ್, ನಾನಂತೂ ಯಾರಿಗೂ ಹೇಳಲ್ಲ."

ಈ ತೋಳಿಂದ್ಲಾ?

ಮಾಕಳಿಯ ಒಂದು ರೈತರ ಮನೆಯ ಹುಡುಗಿಯೊಂದಿಗೆ ನನ್ನ ಮದುವೆ ಮಾತಾಗಿತ್ತು. ನಮ್ಮ ಶಾಪಿನ ಅರ್ಧ ಜನ ಅದೇ ಊರಿನವರು. ಭಾನುವಾರ ನಾನು ಹೋಗುವಷ್ಟರಲ್ಲಿ ಸುದ್ದಿ ಮೊದಲೇ ಬಸ್ಸಿಳಿದು, ಮನೆ ತಲುಪುವುದರೊಳಗೆ ಕೈಕಾಲು ಬೆಳೆಸಿಕೊಂಡಿತ್ತು.

"ಏನಪ್ಪಾ, ಲೇತ್ ಮಿಷಿನ್ನೇ ಒತ್ಕೊಂಡೋದ್ಯಂತೆ?" ಎಂದರು ಭಾವಿ ಮಾವ.

ನಾನು ತೊದಲುತ್ತಿರುವಾಗಲೇ ನನ್ನ ರಟ್ಟೆ ಹಿಡಿದು ನೋಡಿದರು. "ಈ ತೋಳಿಂದ್ಲಾ? ಒಂದು ಕೊಡ ನೀರು ಎತ್ತಕ್ಕಾಗಕಿಲ್ಲ. ಸುಳ್ ಸುದ್ದಿ ಬುಡು."

ಉಸಿರು ಬಂತು ಅನ್ನುವಷ್ಟರಲ್ಲಿ ಮುಂದುವರಿಸಿದರು: "ಆದ್ರೂ ನಿನ್ ಎಸ್ರು ಕೆಟ್ಟೋಗೈತಲ್ಲಪ್ಪಾ. ಅದು ಸರಿಯೋಗ್ಲಿ, ಆಮೇಲೆ ಲಗ್ನದ ಮಾತು."

ಕೆಲಸ ಹೋಗುವುದಕ್ಕಿಂತ ಅವಳು ಕೈತಪ್ಪುತ್ತಾಳೆಂಬ ಭಯವೇ ನನಗೆ ಹೆಚ್ಚಾಯಿತು. ಆದರೂ ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ರಟ್ಟೆಯನ್ನು ನಾನೇ ಒತ್ತಿ ಒತ್ತಿ ನೋಡಿಕೊಂಡೆ.

ಒಂದು ಪ್ರಶ್ನೆ ಜಾಸ್ತಿ

ಕಂಪನಿ ವಿಚಾರಣೆ ಇಟ್ಟಿತು. ಯೂನಿಯನ್ ಸೆಕ್ರೆಟರಿ ಪಕ್ಕದಲ್ಲಿ ಕೂತು ಧೈರ್ಯ ಹೇಳಿದ: "ಸಾಕ್ಷೀನ ಪ್ರಶ್ನೆ ಮಾಡೋ ಹಕ್ಕು ನಿಂಗಿದೆ ಕಣೋ. ಬಿಡ್ಬೇಡ."

ಬಿಡಲಿಲ್ಲ. ಗೇಟಿನ ವಾಚ್‌ಮನ್‌ನನ್ನು ಕೇಳಿದೆ: "ನಾನು ಮೈಕ್ರೋಮೀಟರ್ ತಗೊಂಡು ಹೋಗಿದ್ದು ನೋಡಿದ್ಯಾ?"

"ಇಲ್ಲ ಸಾರ್."

"ನನ್ನ ಟಿಫನ್ ಬಾಕ್ಸ್ ತೆಗೆದು ನೋಡ್ತೀಯಲ್ವಾ?"

"ದಿನಾ ನೋಡ್ತೀನಿ. ಮೀಟ್ರು ಗೀಟ್ರು ಏನೂ ಇರ್ಲಿಲ್ಲ."

ಸಾಕು, ಕೂತುಕೋ ಎಂದು ಸೆಕ್ರೆಟರಿ ನನ್ನ ಅಂಗಿ ಜಗ್ಗಿದ. ನನಗೆ ಮಾತ್ರ ಯಾವುದೋ ವಕೀಲ ಮೈಮೇಲೆ ಬಂದಿದ್ದ. "ಹಾಗಾದ್ರೆ ಅದರಲ್ಲಿ ಏನಿತ್ತು? ಎಲ್ಲರಿಗೂ ಕೇಳೋ ಹಾಗೆ ಹೇಳು!"

"ಕ್ಯಾಂಟೀನ್ ವಡೆ ಸಾರ್. ನಾಲ್ಕು."

ಕ್ಯಾಂಟೀನ್ ತಿಂಡಿ ಗೇಟು ದಾಟಬಾರದೆಂಬುದು ಕಂಪನಿಯ ನಿಯಮ. ಒಂದು ಆರೋಪ ಹೊತ್ತು ಒಳಗೆ ಹೋದವನು ಎರಡನ್ನು ಹೊತ್ತು ಹೊರಗೆ ಬಂದೆ.

ತಲೆ ಕೆರೆದುಕೊಂಡದ್ದು

ಕೊನೆಗೂ ಮೈಕ್ರೋಮೀಟರ್ ಸಿಕ್ಕಿತು, ಕ್ಯಾಂಟೀನಿನ ಹಿಟ್ಟಿನ ಡಬ್ಬದ ಹಿಂದೆ. ಚಪಾತಿ ತೀರಾ ತೆಳು ಎಂದು ನಾವೆಲ್ಲ ಗಲಾಟೆ ಮಾಡಿದ್ದೆವು. ಅದರ ದಪ್ಪ ಅಳೆಯಲು ಸಾಹೇಬರೇ ಮೈಕ್ರೋಮೀಟರನ್ನು ಒಯ್ದು ಅಲ್ಲೇ ಮರೆತಿದ್ದರು.

"ಎಲ್ಲರ ಮುಂದೆ ಮಾನ ಕಳೆದೋರು ಎಲ್ಲರ ಮುಂದೇನೇ ತಪ್ಪು ಒಪ್ಕೋಬೇಕು," ಎಂದ ಸೆಕ್ರೆಟರಿ. ಸಾಹೇಬರು ಒಪ್ಪಲಿಲ್ಲ, ಗಾಜಿನ ಕೋಣೆಗೇ ಕರೆದರು. ನಮ್ಮ ಎಲೆಕ್ಟ್ರಿಷಿಯನ್ ದಾರಿ ಹುಡುಕಿದ: "ಅವ್ರು ಕ್ಷಮೆ ಕೇಳ್ತಿದ್ದಂಗೇ ನೀನು ತಲೆ ಕೆರ್ಕೊ ಮಗಾ. ನಾನು ಮೇನ್ ಸ್ವಿಚ್ ಎಳೀತೀನಿ."

"ತಪ್ಪಾಯ್ತು ಕಣಯ್ಯಾ!" ಸಾಹೇಬರು ಮಿಷಿನ್ ಸದ್ದಿನಲ್ಲಿ ಕಿರುಚಿದರು. "ನೀನು ಕಳ್ಳ ಅಲ್ಲ! ನಿನ್ನಂಥ ಪ್ರಾಮಾಣಿಕ ಈ ಪೀಣ್ಯದಲ್ಲೇ ಇಲ್ಲ!"

ಎಷ್ಟು ಹಿತವಾಗಿತ್ತೆಂದರೆ ನಾನು ಕಣ್ಣು ಮುಚ್ಚಿ ಕೇಳುತ್ತ ಮೈಮರೆತೆ. ತಲೆಯ ನೆನಪಾಗಿ ಕೆರೆದುಕೊಳ್ಳುವಷ್ಟರಲ್ಲಿ ಸಾಹೇಬರು ಮುಂದಿನ ವಿಷಯಕ್ಕೆ ಬಂದಿದ್ದರು. ಕರೆಂಟು ಹೋಯಿತು. ನಿಶ್ಶಬ್ದವಾದ ಶಾಪಿನಲ್ಲಿ ಅವರ ದನಿ ಮೊಳಗಿತು:

"ಆದ್ರೆ ವಡೆ ಕದ್ದಿದ್ದು ಮಾತ್ರ ನೀನೇ!"

ಭಾನುವಾರ ಮಾಕಳಿಗೆ ಹೋದೆ. ಆ ಸುದ್ದಿಯೂ ಮೊದಲೇ ಬಸ್ಸಿಳಿದಿತ್ತು.

"ಮೀಟ್ರು ಸಿಕ್ತಂತೆ, ಸಂತೋಸ. ಲಗ್ನ ಇಟ್ಕೊಳಾನ," ಎಂದರು ಮಾವ. "ಅದಿರ್ಲಿ, ಆ ವಡೆ ಯಾರಿಗೆ ಒಯ್ತಿದ್ದೆ?"

ಇದರ ಬಗ್ಗೆ ವಿಚಾರಣೆಯಲ್ಲೂ ನಾನು ಬಾಯಿಬಿಟ್ಟಿರಲಿಲ್ಲ. ಮದುವೆಗೆ ಮುಂಚೆ ಅವರ ಮಗಳನ್ನು ಬಸ್ ಸ್ಟಾಪಿನಲ್ಲಿ ಕಾಣುತ್ತಿದ್ದೆ ಎಂದರೆ ಈ ಮನುಷ್ಯ ನನ್ನ ಕಾಲು ಮುರಿಯುವುದು ಖಂಡಿತ.

"ನಾನೇ ತಿಂದೆ ಮಾವಾ," ಎಂದೆ. "ಬಿಸಿಬಿಸಿ ಇದ್ವು, ಗೇಟ್ ದಾಟ್ತಿದ್ದಂಗೇ ಎಲ್ಲಾ ತಿಂದ್ಬಿಟ್ಟೆ."

ಬಾಗಿಲ ಹಿಂದಿನಿಂದ ಅವಳ ದನಿ ಬಂತು: "ಸುಳ್ಳು ಕಣಪ್ಪಾ! ತಣ್ಣಗಾಗೋಗಿದ್ವು!"