ಸಲೂನಿನ ಅಣ್ಣ ಬರೆದ ನಕ್ಷತ್ರ

ಮನಃಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಪೆನ್ನು, ಸ್ಕೇಲು ಒಯ್ದರೆ ಸಾಲದು. ಪ್ರಯೋಗ ಮಾಡಲು ಒಬ್ಬ ಜೀವಂತ ಮನುಷ್ಯನನ್ನೂ ವಿದ್ಯಾರ್ಥಿಯೇ ಕರೆತರಬೇಕು. ಈ ಒಂದು ನಿಯಮ ಡಾಕ್ಟ್ರ ಕೊರಳಿಗೆ ಸುತ್ತಿಕೊಂಡಿತು.

ಡಿಗ್ರಿ ಮುಗಿಯುವ ಮೊದಲೇ ಬೀದಿಯವರು ಅವನಿಗೆ ‘ಡಾಕ್ಟ್ರು’ ಎಂಬ ಬಿರುದು ಕೊಟ್ಟಾಗಿತ್ತು. ಕೊನೆಯ ವರ್ಷಕ್ಕೆ ಎರಡು ದಾರಿಗಳಿದ್ದವು. ಒಂದು ಆಪ್ತಸಮಾಲೋಚನೆ, ಅಂದರೆ ನೊಂದವರ ಮಾತು ಕೇಳುವುದು. ಇನ್ನೊಂದು ಪ್ರಯೋಗ ವಿಭಾಗ, ಅಂದರೆ ಮೂರು ಹೊತ್ತೂ ಅಂಕಿಅಂಶ. ಹದಿನೇಳಕ್ಕೆ ಎಂಟು ಕೂಡಲು ಬೆರಳು ಮಡಚುವ ಡಾಕ್ಟ್ರಿಗೆ ಮೊದಲನೆಯದೇ ಬೇಕಿತ್ತು. ಅದಕ್ಕೆ ಈ ಪರೀಕ್ಷೆಯಲ್ಲಿ ಅರವತ್ತು ಅಂಕ ಬರಬೇಕು, ಅದೇ ಸಂಜೆ ಐದರೊಳಗೆ ಆಯ್ಕೆಯ ಫಾರಂ ಕೊಡಬೇಕು. ಆಪ್ತಸಮಾಲೋಚನೆಯ ಎದುರು ಶಾಯಿಯಲ್ಲಿ ಗುರುತು ಹಾಕಿ ಫಾರಂ ಜೇಬಿನಲ್ಲಿಟ್ಟುಕೊಂಡಿದ್ದ.

ಬರುತ್ತೇನೆಂದಿದ್ದ ಸೋದರಮಾವ ಬೆಳಿಗ್ಗೆ ಹೊದಿಕೆಯೊಳಗಿಂದಲೇ ಕೈಯಾಡಿಸಿದ.

“ನಾನು ಬರಲ್ಲ ಕಣೋ. ತಲೆಗೆ ವೈರ್ ಹಾಕಿ ಮನಸ್ಸಲ್ಲಿರೋದನ್ನೆಲ್ಲ ಹೊರಗೆ ತೆಗೀತಾರಂತೆ.”

“ಯಾರು ಹೇಳಿದ್ದು ಮಾವ?”

“ಮಹಡಿ ಮನೆ ಟೀಚರಮ್ಮ.”

ಟೀಚರಮ್ಮ ಮೆಟ್ಟಿಲ ಮೇಲೇ ಸಿಕ್ಕರು. “ನಿನ್ನ ಒಳ್ಳೇದಕ್ಕೇ ಹೇಳಿದೆ ಕಣಪ್ಪ. ಬೀದಿಯವರಿಗೂ ಹೇಳಿದ್ದೀನಿ,” ಎಂದರು. ಹೇಳಿದ್ದು ನಿಜವೇ ಆಗಿತ್ತು. ತಟ್ಟಿದ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಟೈಲರ್ ಮಾತ್ರ ಹೆಂಡತಿ ಒಳಗಿರುವುದನ್ನು ಖಾತ್ರಿ ಮಾಡಿಕೊಂಡು, “ಮನಸ್ಸಲ್ಲಿರೋದು ಹೊರಗೆ ಬಂದ್ರೆ ನಾನು ಎಲ್ಲಿ ಮಲಗಲಿ?” ಎಂದು ಪಿಸುಗುಟ್ಟಿದ.

ಕೊನೆಗೆ ಉಳಿದವನು ಸಲೂನಿನ ಅಣ್ಣ. ಡಾಕ್ಟ್ರು ಚಿಕ್ಕಂದಿನಿಂದ ಅವನ ಬೆಂಚಿನ ಮೇಲೆ ಕೂತು ಹತ್ತೂರಿನ ಕಷ್ಟಸುಖ ಕೇಳಿದವನು. ಮನಃಶಾಸ್ತ್ರದ ಹುಚ್ಚು ಹಿಡಿದದ್ದೇ ಅಲ್ಲಿ.

“ನನ್ನ ಮನಸ್ಸಲ್ಲಿ ನಂದು ಅಂತ ಏನಿದೆ ಡಾಕ್ಟ್ರೇ? ಎಲ್ಲ ಗಿರಾಕಿಗಳದ್ದೇ. ತೆಗೀಲಿ ಬಿಡಿ, ಸ್ವಲ್ಪ ಜಾಗ ಆಗುತ್ತೆ,” ಎಂದ ಅಣ್ಣ. ಕುರ್ಚಿಯಲ್ಲಿದ್ದವನಿಗೆ ಆಗ ಅರ್ಧ ಗಡ್ಡ ಮುಗಿದಿತ್ತು. “ಇನ್ನರ್ಧ ಸಾಯಂಕಾಲ ಸ್ವಾಮಿ,” ಎಂದು ಅವನ ಕೆನ್ನೆ ಒರೆಸಿ ಶಟರ್ ಎಳೆದೇಬಿಟ್ಟ. ಡಾಕ್ಟ್ರ ಕಣ್ಣು ತುಂಬಿ ಬಂತು.

ಹಿಂದಿನ ವಾರವೇ ಚೀಟಿ ಎತ್ತಿದಾಗ ಡಾಕ್ಟ್ರಿಗೆ ಬಂದಿದ್ದದ್ದು ಕನ್ನಡಿ ಪ್ರಯೋಗ. ಪರೀಕ್ಷೆಯ ಕೋಣೆಯಲ್ಲಿ ಅಣ್ಣನ ಎದುರಿಗೆ ನಕ್ಷತ್ರದ ಚಿತ್ರ. ಅದು ನೇರವಾಗಿ ಕಾಣದಂತೆ ಅಡ್ಡಹಲಗೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಎಲ್ಲ ತಿರುಗುಮುರುಗಾಗಿ ಕಂಡು ಮೊದಲ ಸಲ ಎಂಥವರ ಕೈಯೂ ದಾರಿ ತಪ್ಪುತ್ತದೆ. ಹತ್ತು ಸಲ ಮಾಡುವಷ್ಟರಲ್ಲಿ ತಪ್ಪು ಇಳಿಯುತ್ತ ಬರುತ್ತದೆ. ಆ ಇಳಿಕೆಯನ್ನು ನಕ್ಷೆಯಲ್ಲಿ ತೋರಿಸಿದರೆ ಅಂಕ.

ಅಣ್ಣ ಕನ್ನಡಿ ನೋಡಿದ, ಪೆನ್ಸಿಲ್ ಹಿಡಿದ, ಸರ್ರನೆ ಒಂದು ಸುತ್ತು ಬಂದ. ತಪ್ಪು ಸೊನ್ನೆ.

“ಅಣ್ಣ, ಸ್ವಲ್ಪ ತಪ್ಪು ಮಾಡಿ,” ಎಂದು ಡಾಕ್ಟ್ರು ಹಲ್ಲು ಕಚ್ಚಿ ಉಸುರಿದ.

“ಛೆ, ನಿಮ್ಮ ಪರೀಕ್ಷೇಲಿ ನಾನು ತಪ್ಪು ಮಾಡೋದುಂಟೆ?”

ಹತ್ತು ಸಲವೂ ಸೊನ್ನೆ. ನಕ್ಷೆಯ ಗೆರೆ ಚಾಪೆ ಹಾಸಿದಂತೆ ನೆಲಕ್ಕೆ ಮಲಗಿತು. ಅರವತ್ತು ಅಂಕ ಕೈತಪ್ಪಿತೆಂದೇ ಡಾಕ್ಟ್ರು ಲೆಕ್ಕ ಹಾಕಿದ.

ಪರೀಕ್ಷಕಿ ಮೇಡಂ ಹತ್ತೂ ಹಾಳೆ ತಿರುವಿ ಕನ್ನಡಕ ತೆಗೆದರು. “ಇವರ ಕೆಲಸ ಏನು?”

ಅಣ್ಣ ಎದ್ದು ನಿಂತ. “ಕಟಿಂಗ್ ಶಾಪ್ ಮೇಡಂ. ಮೂವತ್ತು ವರ್ಷದಿಂದ ಕನ್ನಡಿ ನೋಡ್ಕೊಂಡೇ ಕತ್ತರಿ ಆಡಿಸ್ತಿದ್ದೀನಿ.”

“ಇವರನ್ನ ಬೇಕಂತಲೇ ಕರ್ಕೊಂಡು ಬಂದ್ರಾ?” ಎಂದು ಮೇಡಂ ಡಾಕ್ಟ್ರ ಕಡೆ ತಿರುಗಿದರು.

ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. “ಹೂಂ ಮೇಡಂ,” ಎಂದುಬಿಟ್ಟ.

“ಕನ್ನಡಿಯಲ್ಲೇ ಪಳಗಿದ ಕೈಯನ್ನ ತಂದು ನೋಡೋಣ ಅಂತ ಇಷ್ಟು ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲ ನೋಡಿ.” ಮೇಡಂ ತೊಂಬತ್ತು ಅಂಕ ಬರೆದರು. “ಪ್ರಯೋಗ ವಿಭಾಗಕ್ಕೆ ಬನ್ನಿ, ಸಂಜೆ ಫಾರಂ ಕೊಟ್ಟುಬಿಡಿ. ನಲವತ್ತು ಜನ ಕ್ಷೌರಿಕರು, ನಲವತ್ತು ಜನ ಬೇರೆಯವರು. ಲೆಕ್ಕ ಹಾಕಿ ಹೋಲಿಸೋಣ. ವರದಿಯ ಮೊದಲನೇ ಪುಟದಲ್ಲಿ ಇವರಿಗೆ ಕೃತಜ್ಞತೆ.” ನಕ್ಷತ್ರದ ಒಂದು ಹಾಳೆಯನ್ನು ಅಣ್ಣನಿಗೆ ನೆನಪಿಗೆಂದು ಕೊಟ್ಟು ಕಳಿಸಿದರು.

ಡಾಕ್ಟ್ರಿಗೆ ಹೋದ ಜೀವ ಬಂತು. ತೊಂಬತ್ತು ಸಿಕ್ಕಮೇಲೆ ಆಪ್ತಸಮಾಲೋಚನೆ ಅವನ ಕೈಯಲ್ಲೇ ಇತ್ತು. ಮೇಡಂಗೆ ನಾಳೆ ಏನಾದರೂ ಹೇಳಿದರಾಯಿತು. ಉಳಿದ ಪರೀಕ್ಷೆ ಮುಗಿಸಿ, ಫಾರಂ ಕೊಡುವ ಮೊದಲು ಅಣ್ಣನಿಗೊಂದು ಥ್ಯಾಂಕ್ಸ್ ಹೇಳೋಣವೆಂದು ನಾಲ್ಕೂವರೆಗೆ ಸಲೂನಿಗೆ ಬಂದ.

ನಕ್ಷತ್ರ ಆಗಲೇ ದೊಡ್ಡ ಕನ್ನಡಿಯ ಮೂಲೆಯಲ್ಲಿ ಅಂಟಿಕೊಂಡಿತ್ತು. ಅರ್ಧ ಗಡ್ಡದವನು ಗಡ್ಡ ಮರೆತು ಅದನ್ನೇ ನೋಡುತ್ತ ಕೂತಿದ್ದ.

“ಬೆಳಗಿಂದ ಸಂಜೆ ತನಕ ಎಷ್ಟು ಚಂದ ಕತ್ತರಿಸಿದ್ರೂ ಕೊನೆಗೆ ಗುಡಿಸಿ ಹಾಕೋದೇ ಡಾಕ್ಟ್ರೇ,” ಎಂದ ಅಣ್ಣ. “ನನ್ನ ಕೈ ಮಾಡಿದ್ದು ಅಂತ ಒಂದು ಉಳಿದದ್ದು ಇದೇ ಮೊದಲು. ನಮ್ಮ ಸಂಘದಲ್ಲಿ ಹೇಳಿಬಿಟ್ಟೆ. ನಲವತ್ತೇನು, ಐವತ್ತಮೂರು ಜನ ಬರ್ತಾರೆ. ಎಲ್ಲಿ, ಫಾರಂ ತೋರಿಸಿ.”

ತೋರಿಸದಿರಲು ನೆಪ ಹೊಳೆಯಲಿಲ್ಲ. ಅಣ್ಣ ಕಣ್ಣು ಕಿರಿದು ಮಾಡಿ ಓದಿದ.

“ಅಯ್ಯೋ, ಆತುರದಲ್ಲಿ ತಪ್ಪು ಕಡೆ ಗುರುತು ಹಾಕಿದ್ದೀರಲ್ಲ.”

ಡಾಕ್ಟ್ರು ಬಾಯಿ ತೆರೆದ. ನಕ್ಷತ್ರ ನೋಡಿದ, ಬೆಳಗ್ಗೆಯಿಂದ ಕಾದಿದ್ದ ಅರ್ಧ ಗಡ್ಡ ನೋಡಿದ. ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಾಗ ಅಂಗಡಿ ಮುಚ್ಚಿ ಬಂದವನು ಈ ಒಬ್ಬನೇ.

“ಹೌದಣ್ಣ, ತಪ್ಪಾಗಿದೆ,” ಎಂದ. “ನೀವಿಲ್ಲದಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತೋ.” ಎರಡನೆಯ ಮಾತು ಅಪ್ಪಟ ನಿಜ.

“ಅದಕ್ಕೇನು, ನಾನಿದ್ದೀನಲ್ಲ.” ಅಣ್ಣ ಹೊಸ ಬ್ಲೇಡ್ ತೆಗೆದು, ಫಾರಮ್ಮನ್ನು ಕೆನ್ನೆ ಹಿಡಿದಂತೆ ಎರಡು ಬೆರಳಲ್ಲಿ ಬಿಗಿಹಿಡಿದು, ಆಪ್ತಸಮಾಲೋಚನೆಯ ಎದುರಿದ್ದ ಗುರುತನ್ನು ಮೆಲ್ಲಗೆ ಹೆರೆದು ಊದಿದ.

ಡಾಕ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ತೂತಿಲ್ಲ, ಒಂದು ಚೂರು ಶಾಯಿಯಿಲ್ಲ. ಈ ಸಲವೂ ತಪ್ಪು ಸೊನ್ನೆ.